ಅಡ್ಡಾಡುವ ಗಾಡಿ

ಗಾಲಿಯ ಮೇಲೆ ಸಂಸಾರ ಹೂಡಿಕೊಂಡು ಊರೂರು ತಿರುಗುವುದು ಪರದೇಶದವರ ಶೋಕಿ ಎಂದು ಯಾರಾದರೂ ಹೇಳಿದರೆ, ಅವರು ಬನದ ಹುಣ್ಣಿಮೆಗೆ ಮುಂಚೆ ಮುಧೋಳ–ಲೋಕಾಪುರದ ದಾರಿಯಲ್ಲಿ ಒಂದು ತಾಸು ನಿಂತವರಲ್ಲ ಎಂದು ತಿಳಿಯಬೇಕು. ಸವದತ್ತಿ ಎಲ್ಲಮ್ಮನ ಗುಡ್ಡಕ್ಕೆ ಹೊರಟ ಬಂಡಿ, ಟ್ರ್ಯಾಕ್ಟರುಗಳಲ್ಲಿ ಏನಿರುವುದಿಲ್ಲ? ತಾಡಪತ್ರಿಯ ಮಾಡು, ಕೌದಿಯ ಹಾಸಿಗೆ, ಒಲೆ, ಕಟ್ಟಿಗೆ, ಕಟಕ ರೊಟ್ಟಿಯ ಗಂಟು, ಶೇಂಗಾ ಚಟ್ನಿ, ಕೂಸಿಗೆ ತೊಟ್ಟಿಲು, ಮುದುಕಿಗೆ ಎಲೆ ಅಡಿಕೆಯ ಚೀಲ. ಇಷ್ಟೆಲ್ಲ ಹೊತ್ತ ಎತ್ತಿನ ಬಂಡಿಗೆ ಸ್ಟೇರಿಂಗ್ ಇಲ್ಲ. ಹೊಡೆಯುವವನು ಮೂಕಿಗೆ ಒರಗಿ ನಿದ್ದೆ ಹೋದರೂ ಎತ್ತುಗಳು ಗುಡ್ಡದ ದಾರಿ ಬಿಡುವುದಿಲ್ಲ. ಎಂಜಿನ್ ಬಂದ ಮೇಲೆ ಈ ಜವಾಬ್ದಾರಿ ಎತ್ತಿನಿಂದ ಮನುಷ್ಯನಿಗೆ ವರ್ಗವಾಯಿತು. ಅಲ್ಲಿಂದ ತೊಂದರೆ ಶುರುವಾಯಿತು.

ನಮ್ಮ ಕಾಕಾ ಜಮಖಂಡಿಯಲ್ಲಿ ಗಣಿತದ ಮಾಸ್ತರರಾಗಿ ನಿವೃತ್ತರಾದವರು. ನಿವೃತ್ತಿಯ ದುಡ್ಡಿನಲ್ಲಿ ಹಳೆಯದೊಂದು ಟೆಂಪೊ ಟ್ರ್ಯಾವೆಲರ್, ನಮ್ಮವರ ಬಾಯಲ್ಲಿ ಟೀಟಿ, ಕೊಂಡು ಅದನ್ನು ಮನೆ ಮಾಡಿಕೊಂಡರು. ಸೀಟು ಕಿತ್ತರೆ ಮೋಟಾರು ವಾಹನ ಕಾಯ್ದೆಯ 52ನೆಯ ಕಲಂ ಅಡ್ಡ ಬರುತ್ತದೆ ಎಂದು ಓದಿಕೊಂಡಿದ್ದರಿಂದ ಸೀಟುಗಳನ್ನು ಹಾಗೇ ಬಿಟ್ಟು ಮೇಲೆ ಹಲಗೆ ಹಾಸಿದರು. "ಸೀಟ್ ಕಿತ್ತರ ಆರ್.ಟಿ.ಓ. ಕೇಳ್ತಾರ. ಹಲಗಿ ಹಾಸಿದರ ಯಾರ್ ಕೇಳ್ತಾರ?" ಎಂಬುದು ಅವರ ವಾದ. ಹಿಂಬದಿಯ ಬಾಗಿಲ ಹತ್ತಿರ 200 ಲೀಟರಿನ ನೀರಿನ ಟಾಕಿ, ಗ್ಯಾಸಿನ ಸಿಲಿಂಡರು, ಜೋಳದ ಹಿಟ್ಟಿನ ಡಬ್ಬಿ. ಗಾಡಿಯ ಹಿಂದು ಕುಸಿಯಬಾರದೆಂದು ಹಿಂದಿನ ಪಾಟಾಕ್ಕೆ, ಅಂದರೆ ಪಟ್ಟಿ ಸ್ಪ್ರಿಂಗಿಗೆ, ಒಂದೊಂದು ಪಟ್ಟಿ ಹೆಚ್ಚು ಹಾಕಿಸಿದರು. ಅವರ ಹೆಂಡತಿ, ನಮ್ಮ ಕಾಕು, ಟೇಪು ಹಚ್ಚಿಕೊಂಡು ಹಾಡು ಕೇಳುತ್ತ ಕಿಟಕಿಯ ಹತ್ತಿರ ಕೂತರೆ ಯಾತ್ರೆ ಹೊರಟಂತೆ.

ಗಾಡಿಯ ದೋಷ ಇಷ್ಟೇ: ಅದು ನೆಟ್ಟಗೆ ಹೋಗುತ್ತಿರಲಿಲ್ಲ. ವೇಗ ಐವತ್ತು ದಾಟಿತೆಂದರೆ ಮೆಲ್ಲಗೆ ಎಡಕ್ಕೆ ವಾಲುತ್ತಿತ್ತು. ಕಾಕಾ ಬಲಕ್ಕೆ ತಿರುಗಿಸುತ್ತಿದ್ದರು. ಒಂದು ಗಳಿಗೆ ಏನೂ ಆಗುತ್ತಿರಲಿಲ್ಲ. ಆಮೇಲೆ ಗಾಡಿ, ಆ ಆಜ್ಞೆ ಈಗ ತಲುಪಿತೆಂಬಂತೆ, ಬೇಕಾದ್ದಕ್ಕಿಂತ ಹೆಚ್ಚು ಬಲಕ್ಕೆ ಹೋಗುತ್ತಿತ್ತು. ಮೆಕ್ಯಾನಿಕರು ಇಲ್ಲಿ ಒಂದು ಭೇದ ಮಾಡುತ್ತಾರೆ. ಗಾಡಿ ಯಾವಾಗಲೂ ಒಂದೇ ಕಡೆಗೆ ಹೋದರೆ 'ಎಳೀತೈತಿ'. ಆ ಕಡೆಗೊಮ್ಮೆ ಈ ಕಡೆಗೊಮ್ಮೆ ಹೋದರೆ 'ಆಡ್ತೈತಿ'. ಎಳೆಯುವ ಗಾಡಿಯ ಮನಸ್ಸಾದರೂ ತಿಳಿಯುತ್ತದೆ. ಬ್ರೇಕು ಹಿಡಿದುಕೊಂಡಿದೆಯೋ, ಒಂದು ಟಾಯರಿನ ಹವಾ ಇಳಿದಿದೆಯೋ ನೋಡಿದರೆ ಸಾಕು. ಆಡುವ ಗಾಡಿಯ ಮನಸ್ಸು ಅದಕ್ಕೇ ಗೊತ್ತಿರುವುದಿಲ್ಲ. ಕಾಕಾ ಎರಡೂ ಕೈಯಲ್ಲಿ ಸ್ಟೇರಿಂಗ್ ಅವುಚಿ, ಹಲ್ಲು ಕಚ್ಚಿ, ತುಟಿ ಪಿಟಕ್ಕೆನ್ನದೆ ಹೊಡೆಯುತ್ತಿದ್ದರು. ನಲವತ್ತು ವರ್ಷದ ಸಂಸಾರದಲ್ಲಿ ಇಷ್ಟು ಶಾಂತವಾದ ಪ್ರವಾಸ ತನಗೆ ಸಿಕ್ಕಿದ್ದೇ ಇಲ್ಲ ಎಂದು ಕಾಕು ಹೇಳುತ್ತಿದ್ದಳು.

ಗಣಿತದ ಮಾಸ್ತರರು ಮೊದಲು ಮಾಡಿದ್ದು ಅಳತೆ. 1989ರ ಕೇಂದ್ರ ಮೋಟಾರು ವಾಹನ ನಿಯಮಗಳ ಪ್ರಕಾರ ಸ್ಟೇರಿಂಗ್ ಚಕ್ರದಲ್ಲಿ 30 ಡಿಗ್ರಿಗಿಂತ ಹೆಚ್ಚು ಖಾಲಿ ಆಟ ಇರಕೂಡದು. ಮೊಮ್ಮಗನ ಕಂಪಾಸ್ ಪೆಟ್ಟಿಗೆಯ ಕೋನಮಾಪಕವನ್ನು ಸ್ಟೇರಿಂಗ್ ಕಂಬಕ್ಕೆ ಕಟ್ಟಿ, ಮುಂದಿನ ಗಾಲಿ ಅಲುಗುವವರೆಗೆ ಚಕ್ರ ಎಷ್ಟು ತಿರುಗುತ್ತದೆ ಎಂದು ನೋಡಿದರು. ಕೋನ 30ನ್ನು ದಾಟಿತ್ತು. ಕಾಕಾರ ಮುಖದಲ್ಲಿ ಚಿಂತೆಗಿಂತ ಸಂತೋಷವೇ ಹೆಚ್ಚಾಗಿತ್ತು. ಮಾಸ್ತರರಿಗೆ ತಪ್ಪು ಉತ್ತರ ಸಿಕ್ಕುವುದೆಂದರೆ ಕೆಲಸ ಸಿಕ್ಕಂತೆ.

ಜಮಖಂಡಿ ಪಟವರ್ಧನರ ಸಂಸ್ಥಾನವಾಗಿದ್ದ ಊರು. ಆ ಸಂಸ್ಥಾನದ ಆಡಳಿತ ನೋಡಿಕೊಂಡಿದ್ದ ಬಿ.ಡಿ. ಜತ್ತಿಯವರು ಮೈಸೂರು ರಾಜ್ಯದ ಮುಖ್ಯಮಂತ್ರಿಯಾಗಿ, ಉಪರಾಷ್ಟ್ರಪತಿಯಾಗಿ, 1977ರಲ್ಲಿ ಕೆಲ ತಿಂಗಳು ಹಂಗಾಮಿ ರಾಷ್ಟ್ರಪತಿಯೂ ಆದರು. ದೇಶದ ಚುಕ್ಕಾಣಿಯವರೆಗೆ ಹೋದವರ ಊರಿನಲ್ಲಿ ಟೀಟಿಯ ಸ್ಟೇರಿಂಗ್ ಬಗ್ಗೆ 'ನನಗೆ ಗೊತ್ತಿಲ್ರಿ' ಎನ್ನುವವರು ಸಿಗುತ್ತಾರೆಯೇ? ಚಹಾದಂಗಡಿಯ ತೀರ್ಮಾನ ಒಮ್ಮತದ್ದಾಗಿತ್ತು: ಸ್ಟೇರಿಂಗ್ ಬಾಕ್ಸ್ ಸಡ್ಲ ಆಗೇತಿ. ಅಲ್ಲಿಯ ಮಿಸ್ತ್ರಿ ಬಾಕ್ಸಿನ ಮೇಲಿನ ತಿರುಪನ್ನು ಬಿಗಿದ. "ತಗೋರಿ ಮಾಸ್ತರ್ರ, ಈಗ ಹುಲಿ ಆಗೇತಿ" ಎಂದ.

ಹುಲಿ ಆದದ್ದು ನಿಜ, ಹೇಳಿದ ಮಾತು ಕೇಳುವುದನ್ನು ಪೂರ್ತಿ ಬಿಟ್ಟಿತು. ತಿರುವಿನಲ್ಲಿ ತಿರುಗಿಸಿದ ಚಕ್ರ ತಾನಾಗಿ ಹಿಂದಕ್ಕೆ ಬರಲೊಲ್ಲದು. ನೆಟ್ಟನೆಯ ದಾರಿಯಲ್ಲಿ ತಿದ್ದಲು ಹೋದರೆ ಮೊದಲು ಜಗ್ಗುವುದಿಲ್ಲ, ಆಮೇಲೆ ಒಮ್ಮೆಲೇ ಜಿಗಿಯುತ್ತದೆ. ಬಾಕ್ಸಿನ ಹಲ್ಲುಗಳು ನೆಟ್ಟಗೆ ಹೋಗುವಾಗಿನ ನಡುವಿನ ಜಾಗದಲ್ಲೇ ಒಂದಕ್ಕೊಂದು ಬಹಳ ಹತ್ತಿರ ಇರುತ್ತವೆ. ಅಲ್ಲೇ ಹೆಚ್ಚು ಬಿಗಿದರೆ ಕಚ್ಚಿಕೊಳ್ಳುತ್ತವೆ. ಸಡಿಲು ಎಲ್ಲೋ ಇದ್ದು ಬಿಗಿ ಇನ್ನೆಲ್ಲೋ ಮಾಡಿದರೆ ಹೀಗೆ. ಶಾಲೆಗಳಲ್ಲೂ ಹೀಗೇ ಆಗುತ್ತದೆ: ಹಿಂದಿನ ಬೆಂಚಿನವನ ಗದ್ದಲಕ್ಕೆ ಮುಂದಿನ ಬೆಂಚಿನವನಿಗೆ ಏಟು. ಕಾಕಾ ಮಾತ್ರ ಈ ಉದಾಹರಣೆಯನ್ನು ಒಪ್ಪಲಿಲ್ಲ.

ಮುಧೋಳಕ್ಕೆ ಮದುವೆಗೆ ಹೋದಾಗ ಟಾಯರ್ ಅಂಗಡಿಯವನು ಗಾಡಿ ನೋಡಿದ. ಅವನಿಗೆ ಬಾಕ್ಸಿನಲ್ಲಿ ಯಾವ ದೋಷವೂ ಕಾಣಲಿಲ್ಲ. ದೋಷವೆಲ್ಲ ಟಾಯರಿನಲ್ಲೇ ಕಂಡಿತು. ಮುಧೋಳದ ನಾಯಿ, 2005ರಲ್ಲಿ ಅಂಚೆ ಚೀಟಿಯ ಮೇಲೂ ಬಂದ ಆ ತೆಳು ನಡುವಿನ ನಾಯಿ, ಮೊಲವನ್ನು ಕಂಡರೆ ಗೆರೆ ಎಳೆದಂತೆ ಓಡುತ್ತದೆ. ಅದೇ ಊರಿನ ದಾರಿಯ ಮೇಲೆ ನಮ್ಮ ಗಾಡಿ ಹಾವು ಹೋದಂತೆ ಬಂದದ್ದನ್ನು ನೋಡಿ ಅವನಿಗೆ ಅಪಮಾನವೇ ಆದಂತಿತ್ತು. "ಗುಂಡಿ ಇನ್ನೂ ಆಳ ಅದಾವಲ್ಲೋ" ಎಂದು ಕಾಕಾ ಟಾಯರಿನ ಅಚ್ಚು ತೋರಿಸಿದರು. ಅವನು ಟಾಯರಿನ ಪಕ್ಕೆಯ ಮೇಲಿನ ನಾಲ್ಕು ಅಂಕಿಗಳನ್ನು ತೋರಿಸಿದ. ಮೊದಲ ಎರಡು ಅಂಕಿ ವಾರ, ಉಳಿದೆರಡು ವರ್ಷ. ನಿಂತಲ್ಲೇ ನಿಂತು ಮುದಿಯಾದ ಟಾಯರಿಗೆ ಅಚ್ಚು ಸವೆದಿರುವುದಿಲ್ಲ, ರಬ್ಬರು ಸತ್ತಿರುತ್ತದೆ, ಪಕ್ಕೆ ಬಿರಿದಿರುತ್ತದೆ. ವರ್ಷಕ್ಕೆ ನಾಲ್ಕು ಯಾತ್ರೆ ಮಾಡುವ ಮನೆಗಾಡಿಗಳ ಟಾಯರು ಸವೆದು ಸಾಯುವುದಕ್ಕಿಂತ ಮುಪ್ಪಾಗಿ ಸಾಯುವುದೇ ಹೆಚ್ಚು. ಹೊಸ ಟಾಯರು ಬಂದವು, ಗಾಡಿಯ ಬಾಗಿಲ ಹತ್ತಿರದ ಫಲಕದಲ್ಲಿ ಬರೆದಷ್ಟು ಹವಾ ಬಿತ್ತು. ರೂಪಾಯಿಗೆ ನಾಲ್ಕಾಣೆ ಸುಧಾರಣೆ ಆಯಿತು. ಹನ್ನೆರಡಾಣೆ ಉಳಿಯಿತು.

ಆ ಹನ್ನೆರಡಾಣೆಯ ಲೆಕ್ಕ ಬೀಳಗಿ ತಾಲ್ಲೂಕಿನಲ್ಲಿ ತೆರೆಯಿತು. ಕೊರ್ತಿ–ಕೊಲ್ಹಾರದ ನಡುವೆ ಕೃಷ್ಣೆಯ ಮೇಲೆ ಸುಮಾರು 3 ಕಿ.ಮೀ. ಉದ್ದದ ಸೇತುವೆ ಇದೆ. ಆಲಮಟ್ಟಿಯ ಹಿನ್ನೀರು ತುಂಬಿದಾಗ ಎರಡೂ ಕಡೆ ಕಣ್ಣು ಹೋದಷ್ಟು ದೂರ ನೀರು. ಆ ನೀರಿನ ಮೇಲಿಂದ ಬರುವ ಗಾಳಿಗೆ ತಡೆ ಎಂಬುದು ನಮ್ಮ ಗಾಡಿಯೊಂದೇ. ಟೇಪಿನಲ್ಲಿ ಅಮೀರಬಾಯಿ ಕರ್ನಾಟಕಿಯ ಹಾಡು. ಬೀಳಗಿಯಲ್ಲಿ ಹುಟ್ಟಿ, ಮುಂಬಯಿಗೆ ಹೋಗಿ, 1943ರ 'ಕಿಸ್ಮತ್' ಚಿತ್ರದಿಂದ ದೇಶಕ್ಕೆಲ್ಲ ಕೇಳಿಸಿದ ದನಿ ಅದು. ಅವರ ಊರಿನ ಸೀಮೆಯಲ್ಲಿ ಅವರ ಹಾಡನ್ನೇ ಹಚ್ಚಬೇಕೆಂಬುದು ಕಾಕುವಿನ ನೇಮ. ಹಾಡು ನೆಟ್ಟಗೆ ಸಾಗಿತ್ತು, ಗಾಡಿ ಗಾಳಿ ಹೇಳಿದಂತೆ ಸಾಗಿತ್ತು.

ಸೇತುವೆ ಇಳಿದ ಮೇಲೆ ಚಹಾಕ್ಕೆ ನಿಂತಲ್ಲಿ ನಿವೃತ್ತ ಬಸ್ ಡ್ರೈವರರೊಬ್ಬರು ಸಿಕ್ಕರು. ಅವರು ಗಾಡಿಯ ಕೆಳಗೆ ಬಗ್ಗಲೇ ಇಲ್ಲ. ದೂರ ನಿಂತು ನೋಡಿ, "ಮಾಸ್ತರ್ರ, ಗಾಡಿ ಬಗ್ಗಿ ಯಾರಿಗೋ ಕಾಲ್ ಬಿದ್ದಂಗ ಐತಲ್ರಿ. ಹಿಂದ್ ಎದ್ದೈತಿ, ಮುಂದ್ ಬಗ್ಗೈತಿ. ಮುಂದಿನ ಗಾಲಿ ಮ್ಯಾಗ ವಜ್ಜಿ ಎಷ್ಟೈತಿ, ತೂಗಿಸೀರೇನು?" ಎಂದರು. ಅಲ್ಲಿಯವರೆಗೆ ಯಾರೂ ಕೇಳದ ಪ್ರಶ್ನೆ ಅದು. ಕಬ್ಬಿನ ನಾಡಿನಲ್ಲಿ ತೂಕದ ಕಾಟಾಕ್ಕೆ ಬರವೇ? ಒಂದು ಕಾಟಾದ ಮೇಲೆ ಮೊದಲು ಮುಂದಿನ ಗಾಲಿಗಳನ್ನಷ್ಟೇ ಹತ್ತಿಸಿದರು, ಆಮೇಲೆ ಇಡೀ ಗಾಡಿಯನ್ನು. ಕಾಟಾದವನು ಚೀಟಿ ಕೊಡುತ್ತ, "ಯಾವ್ ಫ್ಯಾಕ್ಟ್ರಿಗ್ರಿ ಇದು?" ಎಂದು ಕೇಳಿದ.

ಕಾಕಾ ಚೀಟಿಯ ಹಿಂದೆ ಲೆಕ್ಕ ಬಿಡಿಸಿದರು. ನೀರಿನ ಟಾಕಿ ಹಿಂದಿನ ಗಾಲಿಗಿಂತ 1 ಮೀಟರ್ ಹಿಂದಿದೆ. ಎರಡು ಅಚ್ಚುಗಳ ನಡುವಿನ ಅಂತರ ಸುಮಾರು 3 ಮೀಟರ್. ಟಾಕಿಯ 200 ಕಿಲೋ ನೀರು ಹಿಂದಿನ ಗಾಲಿಯನ್ನು ಆನಿಕೆ ಮಾಡಿಕೊಂಡು ಮುಂದಿನ ಗಾಲಿಗಳಿಂದ 67 ಕಿಲೋ ಭಾರವನ್ನು ಎತ್ತಿಬಿಡುತ್ತದೆ. ಸಿಲಿಂಡರು, ಹಿಟ್ಟಿನ ಡಬ್ಬಿಗಳ ಕಾಣಿಕೆ ಬೇರೆ. ನೆಲ ಒತ್ತದ ಗಾಲಿ ದಾರಿ ಹಿಡಿಯುವುದಿಲ್ಲ. ಹಿಂದೆ ಕಬ್ಬು ಹೇರಿ ಏರು ಹತ್ತುವಾಗ ಮುಂದಿನ ಗಾಲಿ ಹಗುರಾದ ಟ್ರ್ಯಾಕ್ಟರನ್ನು ನಮ್ಮ ಕಡೆ ಯಾರು ನೋಡಿಲ್ಲ? ಇನ್ನು ಆ ಹೆಚ್ಚಿನ ಪಟ್ಟಿಯ ಕಥೆ. ಸೈಕಲ್ಲಿನ ಮುಂದಿನ ಕವಲು ಸ್ವಲ್ಪ ಹಿಂದಕ್ಕೆ ವಾಲಿರುವುದರಿಂದ ಓಣಿಯ ಹುಡುಗರು ಕೈ ಬಿಟ್ಟು ಹೊಡೆಯಬಲ್ಲರು. ಆ ಓರೆ ಗಾಲಿಯನ್ನು ತಾನಾಗಿ ನೆಟ್ಟಗೆ ಮಾಡುತ್ತದೆ. ಗಾಡಿಯ ಮುಂದಿನ ಗಾಲಿ ತಿರುಗುವ ಗೂಟಕ್ಕೂ, ಅಂದರೆ ಕಿಂಗ್‌ಪಿನ್ನಿಗೂ, ಅಂಥ ಓರೆ ಇರುತ್ತದೆ, ಅದಕ್ಕೆ ಕ್ಯಾಸ್ಟರ್ ಎನ್ನುತ್ತಾರೆ. ಹಿಂದು ಎದ್ದರೆ ಇಡೀ ಗಾಡಿ ಮುಂದಕ್ಕೆ ಬಾಗಿ ಆ ಓರೆ ಕಡಿಮೆಯಾಗುತ್ತದೆ. ಭಾರ ತಡೆಯಲೆಂದು ಮಾಡಿದ ಉಪಾಯ ಗಾಡಿಯ ದಿಕ್ಕನ್ನೇ ಮರೆಸಿತ್ತು.

ಕೊನೆಯ ಪಂಚಾಯಿತಿ ಕೂಡಿದ್ದು ಬನಹಟ್ಟಿಯಲ್ಲಿ, ಕಾಕುವಿನ ತವರಿನಲ್ಲಿ. ರಬಕವಿ–ಬನಹಟ್ಟಿ ಎಂದರೆ ನೇಕಾರರ ಊರು. ಓಣಿಗೆ ಕಾಲಿಟ್ಟರೆ ಮಗ್ಗದ ಸದ್ದೇ ಮೊದಲು ಮಾತಾಡಿಸುತ್ತದೆ. ಅಲ್ಲಿಯ ಮಿಸ್ತ್ರಿ ಮಾತು ಕಡಿಮೆಯವನು. ಗಾಡಿಯನ್ನು ನೆಲದ ಮೇಲೇ ನಿಲ್ಲಿಸಿ, ನನ್ನನ್ನು ಒಳಗೆ ಕೂಡಿಸಿ, "ಸ್ಟೇರಿಂಗ್ ಒಂದೀಟ ಆ ಕಡಿ, ಒಂದೀಟ ಈ ಕಡಿ ಆಡಿಸ್ಕೊಂತ ಇರ್ರಿ" ಎಂದು ಹೇಳಿ ಕೆಳಗೆ ಹೊಕ್ಕ. ಒಂದೊಂದು ಕೀಲಿನ ಮೇಲೂ ಬೆರಳಿಟ್ಟು ನೋಡಿದ. ಬಾಕ್ಸಿನ ಆಜ್ಞೆಯನ್ನು ಗಾಲಿಗೆ ಒಯ್ಯುವ ಡ್ರ್ಯಾಗ್ ಲಿಂಕಿನ ಬಾಲ್ ಜಾಯಿಂಟಿನಲ್ಲಿ ಟಕ್ ಎಂದಿತು. ಮುಂದಿನ ಎರಡು ಗಾಲಿಗಳನ್ನು ಕೂಡಿಸುವ ಟೈರಾಡಿನ ತುದಿಯಲ್ಲಿ ಟಕ್ ಎಂದಿತು. ಆಮೇಲೆ ಜಾಕ್ ಹಚ್ಚಿ, ಗಾಲಿಯ ಮೇಲೊಂದು ಕೈ ಕೆಳಗೊಂದು ಕೈ ಹಿಡಿದು ಅಲುಗಿಸಿದ. ಅಲುಗಿತು. "ಬ್ರೇಕ್ ತುಳೀರಿ" ಎಂದ. ತುಳಿದರೂ ಅಲುಗಿತು. ಬ್ರೇಕು ತುಳಿದಾಗ ಅಲುಗಾಟ ನಿಂತರೆ ಸಡಿಲು ಬೇರಿಂಗಿನದು, ನಿಲ್ಲದಿದ್ದರೆ ಕಿಂಗ್‌ಪಿನ್ನಿನದು. ಗ್ರೀಸ್ ಕಾಣದೆ ಬುಷ್ ಸವೆದಿದ್ದವು.

ಸಭೆಯಲ್ಲಿದ್ದವರೆಲ್ಲ ಮುಖ್ಯ ಅಪರಾಧಿ ಯಾರೆಂದು ಕೇಳಿದರು. ಮಿಸ್ತ್ರಿ ತಲೆ ಅಲ್ಲಾಡಿಸಿದ. "ಒಬ್ಬಂವ ಅಲ್ರಿ. ಎಲ್ಲಾರೂ ಕೂಡಿ ಮಾಡ್ಯಾರ." ಪ್ರತಿ ಕೀಲಿನಲ್ಲೂ ಇದ್ದದ್ದು ಕೂದಲೆಳೆಯಷ್ಟು ಆಟ. ಒಂದೊಂದನ್ನೇ ಹಿಡಿದು ಕೇಳಿದರೆ ಎಲ್ಲವೂ ನಿರಪರಾಧಿ. ಸಾಲಾಗಿ ನಿಂತು ಕೈ ಹಿಡಿದಾಗಲೇ ಮೂವತ್ತು ಡಿಗ್ರಿ ದಾಟುವುದು. ಜಮಖಂಡಿ, ಮುಧೋಳ, ಬೀಳಗಿಯವರು ಹೇಳಿದ್ದೆಲ್ಲ ಒಂದೊಂದು ಪಾಲು ನಿಜವೇ. ತಾವು ಹೇಳಿದ ಪಾಲೇ ಪೂರ್ತಿ ಗಾಡಿ ಎಂದುಕೊಂಡದ್ದಷ್ಟೇ ಹೆಚ್ಚಾಯಿತು. ಇದರಲ್ಲಿ ನಮ್ಮ ನೆಂಟರಿಷ್ಟರ ವ್ಯಾಜ್ಯಗಳನ್ನು ಬಿಡಿಸುವ ಸೂತ್ರವೂ ಇದೆಯೇನೋ.

ರಿಪೇರಿಗೂ ಒಂದು ಕ್ರಮ ಇದೆ. ಮೊದಲು ಕಿಂಗ್‌ಪಿನ್, ಬುಷ್, ಟೈರಾಡಿನ ತುದಿಗಳು, ಡ್ರ್ಯಾಗ್ ಲಿಂಕಿನ ಜಾಯಿಂಟು ಹೊಸವಾದವು. ಹೆಚ್ಚಿನ ಪಟ್ಟಿ ಇಳಿಯಿತು, ಟಾಕಿ ಸಣ್ಣದಾಗಿ ಎರಡು ಅಚ್ಚುಗಳ ನಡುವೆ ಬಂದಿತು. ಕ್ಯಾಸ್ಟರ್ ಸಾಲದೆಂದು ಮುಂದಿನ ಪಾಟಾಕ್ಕೂ ಅಚ್ಚಿಗೂ ನಡುವೆ, ದಪ್ಪ ತುದಿ ಹಿಂದಕ್ಕೆ ಬರುವಂತೆ, ಕಬ್ಬಿಣದ ಬೆಣೆ ಕೂತಿತು. ಜಮಖಂಡಿಯ ಬಿಗಿತ ಸಡಿಲವಾಗಿ ಬಾಕ್ಸಿನಲ್ಲಿ ಬೇಕಾದಷ್ಟೇ ಆಟ ಉಳಿಯಿತು. ಕಡೆಗೆ ಅಲೈನ್‌ಮೆಂಟ್. ಅದಕ್ಕೆ ಯಂತ್ರ ಇರಲಿಲ್ಲ, ಕಾಕುವಿನ ತಮ್ಮ ಇದ್ದ. ಮಗ್ಗದ ಮನೆಯಿಂದ ಗಂಜಿ ಹಾಕಿದ ಹಾಸಿನ ನೂಲು ತಂದು, ಗಾಡಿಯ ಎರಡೂ ಬದಿಗೆ ಗಾಲಿಯ ನಡುಮಟ್ಟಕ್ಕೆ ಬಿಗಿದು ಕಟ್ಟಿದ. ಹಗ್ಗವಾದರೆ ಜೋತು ಬೀಳುತ್ತದೆ, ನೂಲು ಸುಳ್ಳು ಹೇಳುವುದಿಲ್ಲ. ನೂಲಿನಿಂದ ರಿಮ್ಮಿನ ಮುಂದಂಚಿಗೆ ಎಷ್ಟು, ಹಿಂದಂಚಿಗೆ ಎಷ್ಟು ಎಂದು ಕಾಕಾ ಉಕ್ಕಿನ ಪಟ್ಟಿಯಲ್ಲಿ ಅಳೆದರು. ಮುಂದಿನ ಅಂತರ ಹಿಂದಿನದಕ್ಕಿಂತ ಒಂದೆರಡು ಮಿಲಿಮೀಟರ್ ಹೆಚ್ಚಿರಬೇಕು. ಅಂದರೆ ಗಾಲಿಗಳು ಮುಂದುಗಡೆ ತುಸು ಒಳಮುಖ. ಮಿಸ್ತ್ರಿ ಟೈರಾಡಿನ ಕೊಳವೆ ತಿರುವಿದ, ಗಾಡಿಯನ್ನು ಮುಂದೆ ಉರುಳಿಸಿ ಮತ್ತೆ ಅಳೆದರು. "ಮಾವಾರ, ಎಡಗಡಿ ಎಳಿ ಒಂದೀಟ ಹೊರಗೈತ್ರಿ" ಎಂದು ನೇಕಾರ ಬರಿಗಣ್ಣಿನಲ್ಲೇ ಹೇಳಿದ. ಅಳೆದರೆ ಹಾಗೇ ಇತ್ತು.

ಗಾಡಿ ನೆಟ್ಟಗಾಯಿತು. ಸೇತುವೆಯ ಗಾಳಿಗೂ ಒಮ್ಮೆ ಮೈ ಅಲುಗಿಸಿ ತನ್ನ ದಾರಿ ಹಿಡಿಯುತ್ತದೆ. ಕಾಕಾ ಈಗ ಎರಡು ಬೆರಳಲ್ಲಿ ಸ್ಟೇರಿಂಗ್ ಹಿಡಿಯುತ್ತಾರೆ, ಉಳಿದ ಕೈ ಮಾತಿಗೆ ಬೇಕಾಗುತ್ತದೆ. ಬನಹಟ್ಟಿ ಬಿಡುವಾಗ ಕ್ಯಾಸ್ಟರ್ ಕೋನದಿಂದ ಶುರುವಾದ ಪಾಠ ಮಹಾಲಿಂಗಪುರದ ಹೊತ್ತಿಗೆ ಬೆಲ್ಲದ ಧಾರಣೆಗೆ ಬಂದು, ಮುಧೋಳದ ಸೀಮೆ ಬಂದೊಡನೆ ರನ್ನನ ಗದಾಯುದ್ಧಕ್ಕೆ ಹೊರಳಿ, ದುರ್ಯೋಧನನ ತೊಡೆ ಮುರಿಯುವ ಮೊದಲೇ 1972ರ ಬರಗಾಲಕ್ಕೆ ಹೋಯಿತು. ಟೇಪು ಹಚ್ಚಲು ಕಾಕುವಿಗೆ ಸಂದು ಸಿಗಲಿಲ್ಲ. ಗಾಡಿ ಚಹಾಕ್ಕೆ ನಿಂತಾಗ ಅವಳು ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದಳು: "ತಮ್ಮಾ, ಆ ಮಿಸ್ತ್ರಿಗೆ ಹೇಳಿ ಒಂದೀಟ ಸಡ್ಲ ಮಾಡಿಸಾಕ ಬರ್ತೈತೇನ?"