ಶಿಫ್ಟಿಂಗ್ ಮಾವ

ಮದುವೆ ಮನೆಯಲ್ಲಿ ಬಡಿಸಲು ಸೊಂಟ ಕಟ್ಟಿ ನಿಲ್ಲುವ ಚಿಕ್ಕಪ್ಪ, ಆಸ್ಪತ್ರೆಯಲ್ಲಿ ರಾತ್ರಿ ಕಾವಲು ಕೂರುವ ಭಾವ, ಸೈಟಿನ ಪತ್ರ ಓದಿ "ಇದರಲ್ಲಿ ಏನೋ ಇದೆ ಕಣಯ್ಯಾ" ಎಂದು ಎಲ್ಲರ ನಿದ್ದೆ ಕೆಡಿಸುವ ದೊಡ್ಡಪ್ಪ: ಬೆಂಗಳೂರಿನ ಯಾವ ಕುಟುಂಬದಲ್ಲೂ ಇವರಿಗೆ ಬರವಿಲ್ಲ. ಬಾಡಿಗೆ ಮನೆಯಲ್ಲಿ ಬದುಕುವವರಿಗೆ ಇವರ ಜೊತೆ ಇನ್ನೊಬ್ಬರು ಬೇಕಾಗುತ್ತಾರೆ. ಅವರನ್ನು ನಮ್ಮ ಕಡೆ ಶಿಫ್ಟಿಂಗ್ ಮಾವ ಎನ್ನುತ್ತೇವೆ. ನಿಮ್ಮ ಕಡೆ ಹೆಸರು ಬೇರೆ ಇರಬಹುದು, ಆಸಾಮಿ ಅದೇ.

ಸಾಮಾನ್ಯವಾಗಿ ಯಾವುದಾದರೂ ಕಾರ್ಖಾನೆಯ ಸ್ಟೋರ್ಸ್ ವಿಭಾಗದಿಂದ ನಿವೃತ್ತರಾಗಿರುತ್ತಾರೆ. ಅಂಗಿ ಜೇಬಿನಲ್ಲಿ ಕಪ್ಪು ಮಾರ್ಕರ್, ಮಣಿಕಟ್ಟಿನಲ್ಲಿ ಗಡಿಯಾರದ ಪಕ್ಕದಲ್ಲೇ ಸೆಲ್ಲೋಟೇಪಿನ ಸುರುಳಿ, ಕಂಕುಳಲ್ಲಿ ಒಂಟಿಕೊಪ್ಪಲ್ ಪಂಚಾಂಗ. ತಾವು ಮಾತ್ರ ಹನುಮಂತನಗರದ ಸ್ವಂತ ಮನೆ ಬಿಟ್ಟು ಕದಲಿದವರಲ್ಲ. ಬೀರು ಕೂಡ ತಂದಿಟ್ಟ ಜಾಗದಿಂದ ಅಲ್ಲಾಡಿಲ್ಲ. ಅದನ್ನು ಯಾರಾದರೂ ಎತ್ತಿ ಆಡಿದರೆ ಉತ್ತರ ಸಿದ್ಧವಿದೆ: "ಮನೆ ಬಿಡೋನಿಗೆ ತಲೆ ಕೆಟ್ಟಿರತ್ತೆ. ಕೆಡದೇ ಇರೋ ತಲೆ ಒಂದು ಪಕ್ಕದಲ್ಲಿರಬೇಕು."

ಮನೆ ಹುಡುಕುವ ಹಂತದಲ್ಲಿ ಮಾವ ಪತ್ತೆಯೇ ಇರುವುದಿಲ್ಲ. ಹುಡುಕುವುದು ಬ್ರೋಕರ್ ಕೆಲಸ, ಡಬ್ಬ ಕಟ್ಟುವುದು ದುಡ್ಡಿನ ಕೆಲಸ, ಹೊತ್ತು ಹೊಂದಿಸುವುದೊಂದೇ ತಲೆಯ ಕೆಲಸ ಎನ್ನುವುದು ಅವರ ಸಿದ್ಧಾಂತ. ಕೊನೆಯ ಕೆಲವು ವಾರ ಬಾಕಿ ಇದೆ ಎನ್ನುವಾಗ ಬಂದು, ಕಾಫಿ ಕುಡಿದು, ಮೊದಲು ಕೇಳುವ ಪ್ರಶ್ನೆ "ಅಗ್ರಿಮೆಂಟ್ ಯಾವತ್ತಿಗೆ ಮುಗಿಯತ್ತೆ?"

ನಮ್ಮದು ಡಿಸೆಂಬರ್ 31ಕ್ಕೆ ಮುಗಿಯುತ್ತಿತ್ತು. ಮಾವ ಕಣ್ಣು ಮುಚ್ಚಿಕೊಂಡರು. ಧನುರ್ಮಾಸ!

ಹೀಗಾಗುವುದು ಅವರಿಗೆ ಹೊಸದಲ್ಲ. ವರ್ಷ ಮೀರಿದ ಬಾಡಿಗೆ ಕರಾರು ನೋಂದಣಿಯಾಗಬೇಕು ಎನ್ನುತ್ತದೆ 1908ರ ನೋಂದಣಿ ಕಾಯ್ದೆ. ಆ ಖರ್ಚು ತಪ್ಪಿಸಲು ಊರೆಲ್ಲ 11 ತಿಂಗಳ ಕರಾರು ಬರೆದುಕೊಳ್ಳುತ್ತದೆ. ಅದರಿಂದ ಆಗುವ ಅನಾಹುತವನ್ನು ಕಂಡುಹಿಡಿದವರು ಮಾವ. ಮಕ್ಕಳ ಶಾಲೆ ಶುರುವಾಗುವ ಜೂನ್ 1ಕ್ಕೆ ನೀವು ಮನೆಗೆ ಬಂದಿರಿ ಎನ್ನಿ. ಮೊದಲ ಕರಾರು ಏಪ್ರಿಲ್ 30ಕ್ಕೆ ಮುಗಿಯುತ್ತದೆ, ಎರಡನೆಯದು ಮಾರ್ಚ್ 31ಕ್ಕೆ. ಹೀಗೆ ನವೀಕರಿಸಿದಷ್ಟೂ ಒಂದೊಂದು ತಿಂಗಳು ಹಿಂದೆ ಜಾರುತ್ತ, ಐದನೆಯದು ಸರಿಯಾಗಿ ಧನುರ್ಮಾಸದ ನಡುಮಧ್ಯೆ ಬಂದು ಕೂರುತ್ತದೆ. "ಬ್ರಿಟಿಷರು ಬೇಕಂತಲೇ ಮಾಡಿದಾರೆ" ಎನ್ನುವುದು ಅವರ ಗುಮಾನಿ.

ಡಿಸೆಂಬರ್ 16ರ ಸುಮಾರಿಗೆ ಹಿಡಿದರೆ ಸಂಕ್ರಾಂತಿಯವರೆಗೆ ಹೊಸ ಮನೆ ಹೊಗುವಂತಿಲ್ಲ. ಓನರು ಒಂದು ದಿನ ಹೆಚ್ಚಿಗೆ ಇರಗೊಡುವುದಿಲ್ಲ. ಇದಕ್ಕೆ ನಮ್ಮ ಹಿರಿಯರು ಒಂದು ದಾರಿ ಇಟ್ಟಿದ್ದಾರೆ: ಧನುರ್ಮಾಸ ಹುಟ್ಟುವ ಮೊದಲೇ ದೇವರ ಫೋಟೊ, ತುಂಬಿದ ಕೊಡ, ಉಪ್ಪು, ಅಕ್ಕಿ, ಬೇಳೆ, ಅರಿಶಿನ ತೆಗೆದುಕೊಂಡು ಹೋಗಿ ಹಾಲುಕ್ಕಿಸಿ ಬಂದುಬಿಡುವುದು, ಸಾಮಾನು ಆಮೇಲೆ ಯಾವಾಗಲಾದರೂ ಸಾಗಿಸುವುದು. ಮಾವ ಬೆಳಗಿನ ಲಗ್ನವೊಂದನ್ನು ಗುರುತಿಸಿಯೂ ಬಿಟ್ಟರು. ಒಂದೇ ತೊಡಕು. ನಾವು ಹಿಡಿದಿದ್ದ ಬನಶಂಕರಿ ಮೂರನೇ ಹಂತದ ಮನೆಯಲ್ಲಿ ಇನ್ನೂ ಜನ ಇದ್ದರು.

"ಇರಲಿ, ನಾವೇನು ಅವರನ್ನ ಎಬ್ಬಿಸ್ತೀವಾ?" ಎಂದರು ಮಾವ.

ಹೀಗಾಗಿ ಒಂದು ಚಳಿಯ ಬೆಳಿಗ್ಗೆ ನಾವು ಕಳಶ, ಕಾಮಾಕ್ಷಿ ದೀಪ ಹಿಡಿದುಕೊಂಡು ಪರಿಚಯವಿಲ್ಲದವರ ಅಡುಗೆ ಮನೆಯಲ್ಲಿ ನಿಂತೆವು. ಸುತ್ತ ಅವರ ರಟ್ಟಿನ ಡಬ್ಬಗಳು, ಹಳೇ ಸೀರೆಯಲ್ಲಿ ಗಂಟು ಕಟ್ಟಿದ ಹಾಸಿಗೆಗಳು. ಒಲೆಯ ಒಂದು ಬರ್ನರ್ ಮೇಲೆ ಅವರ ಮಗುವಿನ ಹಾಲು, ಇನ್ನೊಂದರ ಮೇಲೆ ನಮ್ಮ ಮುಹೂರ್ತದ ಹಾಲು. ಆ ಮನೆಯಾಕೆ ಒಬ್ಬರೇ ಇದ್ದರು. ಅವರ ಅತ್ತೆ ಮತ್ತು ಯಜಮಾನರು ಅದೇ ಲಗ್ನಕ್ಕೆ ಉತ್ತರಹಳ್ಳಿಯಲ್ಲಿ ಇನ್ಯಾರದೋ ಅಡುಗೆ ಮನೆಯಲ್ಲಿ ಹಾಲಿಟ್ಟುಕೊಂಡು ನಿಂತಿದ್ದರು. ಶ್ರೀನಗರದ ನಮ್ಮ ಮನೆಗೆ ಚಾಮರಾಜಪೇಟೆಯವರು ಬರುವವರಿದ್ದರಿಂದ, ಬಾಗಿಲು ತೆಗೆಯಲು ನಮ್ಮತ್ತೆಯನ್ನು ಬಿಟ್ಟು ಬಂದಿದ್ದೆವು. ಪಂಚಾಂಗ ಎಲ್ಲರಿಗೂ ಒಂದೇ, ಒಳ್ಳೆಯ ಲಗ್ನವೂ ಒಂದೇ. ಆ ಹೊತ್ತಿನಲ್ಲಿ ದಕ್ಷಿಣ ಬೆಂಗಳೂರಿನಲ್ಲಿ ತಮ್ಮ ಒಲೆಯ ಮೇಲೆ ತಮ್ಮದೇ ಹಾಲು ಕಾಯಿಸುತ್ತಿದ್ದವರು ಎಷ್ಟು ಜನರೋ!

ಮೊದಲು ಉಕ್ಕಿದ್ದು ಮಗುವಿನ ಹಾಲು.

"ಯಾರ ಹಾಲು ಅನ್ನೋದು ಮುಖ್ಯ ಅಲ್ಲಮ್ಮಾ, ಯಾವ ಮನೇಲಿ ಉಕ್ಕಿತು ಅನ್ನೋದು ಮುಖ್ಯ" ಎಂದು ಮಾವ ಅದನ್ನು ನಮ್ಮ ಲೆಕ್ಕಕ್ಕೆ ಬರೆದುಕೊಳ್ಳಲು ನೋಡಿದರು. ಆಕೆ ಗಾಬರಿಯಾದರು. "ಅಯ್ಯೋ, ಬಿಟ್ಟು ಹೋಗೋ ಮನೇಲಿ ನಮ್ಮ ಹಾಲು ಉಕ್ಕಿದರೆ ಈ ಮನೆ ನಮ್ಮನ್ನ ಇಲ್ಲೇ ಹಿಡ್ಕೊಂಡುಬಿಡತ್ತಾ?" ಮಾವನಿಗೂ ಉತ್ತರ ಹೊಳೆಯಲಿಲ್ಲ. ನಮ್ಮ ಒಲೆಯ ಉರಿ ಜೋರು ಮಾಡಿದರು. ಲಗ್ನ ಮುಗಿಯುವ ಮುನ್ನ ಅದೂ ಪೂರ್ವಕ್ಕೆ ಚೆಲ್ಲಿ ಎಲ್ಲರ ಮರ್ಯಾದೆ ಉಳಿಸಿತು.

ಮನೆಗೆ ಬಂದರೆ ಅತ್ತೆಯ ವರದಿ ಕಾದಿತ್ತು. ಚಾಮರಾಜಪೇಟೆಯವರು ಬಂದು ಹಾಲುಕ್ಕಿಸಿ ಹೋದರಂತೆ; ಅವರ ಜೊತೆಗೂ ಒಬ್ಬರು ವಯಸ್ಸಾದವರು ಇದ್ದು, ಎಲ್ಲರನ್ನೂ ಗದರಿಸುತ್ತಿದ್ದರಂತೆ, ಜೇಬಿನಲ್ಲಿ ಮಾರ್ಕರ್ ಇತ್ತಂತೆ. ಮಾವನ ಹುಬ್ಬು ಮೇಲೇರಿತು. "ಯಾವ ಪಂಚಾಂಗ ಇಟ್ಕೊಂಡಿದ್ರು?"

ದುಡ್ಡಿನ ವಿಷಯದಲ್ಲೂ ಇದೇ ಸರಪಳಿ. ಹೊಸ ಓನರಿಗೆ ಬೀಗದ ಕೈ ಕೊಡುವ ಮೊದಲೇ ಅಡ್ವಾನ್ಸ್ ಬೇಕು. ಹಳೇ ಓನರು ಅಡ್ವಾನ್ಸ್ ವಾಪಸು ಕೊಡುವುದು ನಮ್ಮ ಜಾಗಕ್ಕೆ ಬರುವವರು ಕೊಟ್ಟ ಮೇಲೆ. ಅವರಿಗೆ ಕೊಡಬೇಕಾದವರು ಅವರ ಓನರು. ನನಗೆ ಅನ್ನಿಸುವುದೇನೆಂದರೆ, ಈ ಊರಿನ ಎಲ್ಲ ಬಾಡಿಗೆ ಮನೆಗಳ ನಡುವೆ ಓಡಾಡುತ್ತಿರುವುದು ಒಂದೇ ಅಡ್ವಾನ್ಸು. ಅದು ಯಾವಾಗಲೂ ಪಕ್ಕದ ಬಡಾವಣೆಯಲ್ಲಿರುತ್ತದೆ. ಮಾವ ಇದಕ್ಕೂ ತಯಾರಾಗಿ ಬಂದಿದ್ದರು. ಕೇಂದ್ರದ 2021ರ ಮಾದರಿ ಬಾಡಿಗೆ ಕಾಯ್ದೆಯ ಪತ್ರಿಕಾ ತುಣುಕನ್ನು ಪಂಚಾಂಗದೊಳಗಿಂದ ತೆಗೆದು ಓನರ ಮುಂದೆ ಹರಡಿದರು: ವಾಸದ ಮನೆಗೆ ಎರಡು ತಿಂಗಳ ಬಾಡಿಗೆಗಿಂತ ಹೆಚ್ಚು ಠೇವಣಿ ಕೂಡದು, ಮನೆ ಖಾಲಿ ಮಾಡಿ ಒಪ್ಪಿಸಿದ ದಿನವೇ ಅದನ್ನು ಹಿಂದಿರುಗಿಸಬೇಕು. ಓನರು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದರು. "ಮಾದರಿ ಅಂತ ಅವರೇ ಹಾಕಿದಾರಲ್ಲ ಸಾರ್. ಮಾದರಿ ಪ್ರಶ್ನೆಪತ್ರಿಕೆ ಇದ್ದಂಗೆ. ಪರೀಕ್ಷೇಲಿ ಬರೋದೇ ಬೇರೆ." ಪೇಂಟಿಂಗ್ ಖರ್ಚೆಂದು ಒಂದು ತಿಂಗಳ ಬಾಡಿಗೆ ಮುರಿದುಕೊಂಡರು. ನಾವಿದ್ದ ವರ್ಷಗಳಲ್ಲಿ ಗೋಡೆಗೆ ಹೊಡೆದ ಮೊಳೆಗಳನ್ನು ಟಾರ್ಚ್ ಬಿಟ್ಟು ಎಣಿಸಿದ್ದು ಬೇರೆ.

ಇಷ್ಟರಲ್ಲಿ ಡಬ್ಬ ಕಟ್ಟುವುದು ನಡೆದಿತ್ತು. ಮಾವನ ಪ್ರತಿಭೆಯ ಏರಿಳಿತ ನೋಡಬೇಕಾದರೆ ಡಬ್ಬಗಳ ಮೇಲಿನ ಬರಹ ಓದಬೇಕು. ಮೊದಲ ದಿನದ್ದು ಮುತ್ತಿನಂಥ ಅಕ್ಷರ: "ಪುಸ್ತಕ 1, ಕಾದಂಬರಿ, ಅ ಇಂದ ಕ." "ಅಡುಗೆ 3, ಗಾಜು, ಈ ಕಡೆ ಮೇಲೆ." ಎರಡನೇ ದಿನಕ್ಕೆ "ಬಟ್ಟೆ, ಪಾತ್ರೆ, ಸ್ವಲ್ಪ ಪುಸ್ತಕ." ಕೊನೆಯ ಸಂಜೆ "ಇತರೆ." ಅದರ ಬೆನ್ನಿಗೇ "ಇತರೆ 2." ಕತ್ತರಿ ಯಾವುದರೊಳಗೋ ಸೇರಿಹೋಗಿತ್ತು, ಟೇಪನ್ನು ಹಲ್ಲಿನಲ್ಲಿ ಕಚ್ಚಿ ಹರಿಯುವ ಹೊತ್ತಿಗೆ ಬರಹವೂ ನಿಂತಿತು. ಆ ಮೇಲೆ ಉಳಿದದ್ದನ್ನೆಲ್ಲ ಸ್ನಾನದ ಬಕೆಟ್ಟಿಗೆ ತುಂಬಲಾಯಿತು: ಉಗುರು ಕತ್ತರಿ, ಅರ್ಧ ನಿಂಬೆಹಣ್ಣು, ಟಿವಿ ರಿಮೋಟು, ಹೂಬತ್ತಿಯ ಪೊಟ್ಟಣ, ಯಾವ ಬೀಗದ್ದೆಂದು ಯಾರಿಗೂ ಗೊತ್ತಿಲ್ಲದ ಕೀಲಿ ಗೊಂಚಲು. ಮನೆಯಲ್ಲಿ ಅರ್ಧ ಭಾಗ ಕಟ್ಟಿದ್ದಾಗಿದೆ ಎಂದು ಯಾರಾದರೂ ಹೇಳಿದರೆ ನಂಬಬೇಡಿ. ಆ ಬಕೆಟ್ಟಿನಲ್ಲಿ ಹಿಡಿಸುವುದೇ ಇನ್ನರ್ಧ.

ಹಳೇ ಪೊರಕೆಯನ್ನು ಹೊಸ ಮನೆಗೆ ಒಯ್ಯಬಾರದೆಂದು ಮಾವ ಮೊದಲೇ ಅದನ್ನು ಕಸದ ಗಾಡಿಗೆ ಹಾಕಿಸಿದ್ದರು. ಖಾಲಿ ಮನೆ ಗುಡಿಸಲು ಓನರ ಮನೆಯಿಂದಲೇ ಕೇಳಿ ತರಬೇಕಾಯಿತು.

ಮಾವನನ್ನು ಬರೀ ಪಂಚಾಂಗದ ಮನುಷ್ಯ ಎಂದುಕೊಂಡರೆ ಅನ್ಯಾಯವಾದೀತು. ಫ್ರಿಜ್ಜನ್ನು ಹಿಂದಿನ ದಿನವೇ ಆರಿಸಿ ಮಂಜು ಕರಗಿಸಬೇಕು, ನಿಲ್ಲಿಸಿಯೇ ಒಯ್ಯಬೇಕು, ಇಳಿಸಿದ ಮೇಲೂ ಕೆಲವು ಗಂಟೆ ಸುಮ್ಮನೆ ಬಿಟ್ಟು ಆಮೇಲೆ ಸ್ವಿಚ್ ಹಾಕಬೇಕು ಎನ್ನುವುದು ಅವರಿಗೆ ಗೊತ್ತು. ಮುಂಬಾಗಿಲಿನ ವಾಷಿಂಗ್ ಮೆಷಿನ್ನಿನ ಡ್ರಮ್ಮು ಅಲುಗಾಡದಂತೆ ಹಿಂದುಗಡೆ ಟ್ರಾನ್ಸಿಟ್ ಬೋಲ್ಟು ಹಾಕಬೇಕೆಂಬುದೂ ಗೊತ್ತು. ಕೊಂಡ ದಿನ ಬಿಚ್ಚಿಟ್ಟ ಆ ಬೋಲ್ಟು ಎಲ್ಲಿದೆ ಎನ್ನುವುದು ಮಾತ್ರ ಭೂಮಿಯ ಮೇಲೆ ಯಾರಿಗೂ ಗೊತ್ತಿರುವುದಿಲ್ಲ. 14.2 ಕೆಜಿ ಸಿಲಿಂಡರನ್ನು ಯಾರು, ಹೇಗೆ ಎತ್ತಬೇಕೆಂದು ಅವರು ಹೇಳಿಕೊಟ್ಟಂತೆ ಗ್ಯಾಸಿನ ಹುಡುಗನೂ ಹೇಳಿಕೊಡಲಾರ. ಗೃಹಜ್ಯೋತಿಯ ವಿಷಯವಂತೂ ಅವರಿಗೆ ಬಾಯಿಪಾಠ: ಹಳೇ ಮನೆಯ ಆರ್‌ಆರ್ ನಂಬರಿನಿಂದ ಆಧಾರ್ ಡಿ-ಲಿಂಕ್ ಆಗದೆ ಹೊಸ ಮನೆಗೆ ಅರ್ಜಿ ಇಲ್ಲ. ಹಾಗೆಯೇ ಹೊಸ ಮನೆಯಿಂದ ಹೋಗುವವರೂ ಡಿ-ಲಿಂಕ್ ಮಾಡಿಕೊಂಡು ಹೋಗಬೇಕು. ಹಾಲುಕ್ಕಿಸುವ ದಿನ ಆ ಮನೆಯಾಕೆಗೆ ಅವರು ಮೊದಲು ಹೇಳಿದ ಮಾತು "ನಮಸ್ಕಾರ" ಅಲ್ಲ, "ಡಿ-ಲಿಂಕ್ ಮಾಡಿಸಿದ್ರಾಮ್ಮಾ?"

ಸಾಗಿಸುವ ದಿನ ಡಿಸೆಂಬರಿನ ಕೊನೆಯ ಭಾನುವಾರ. ಗೋಡೆಯ ಮೇಲೆ ಉಳಿದಿದ್ದು ಬೆಂಗಳೂರು ಪ್ರೆಸ್ ಕ್ಯಾಲೆಂಡರ್ ಒಂದೇ. ಅದನ್ನು ಇಳಿಸಲು ಮಾವ ಬಿಟ್ಟಿರಲಿಲ್ಲ. ಅದರ ಮುಂದೆ ನಿಂತು ದಿನವನ್ನು ಹಂಚಿದರು. 12ರಿಂದ 1.30 ಯಮಗಂಡ. 4.30ರಿಂದ 6 ರಾಹುಕಾಲ. ನಡುವೆ 3ರಿಂದ 4.30 ಗುಳಿಕ.

"ಗುಳಿಕ ಕೆಟ್ಟದ್ದಲ್ವಂತಲ್ಲ ಮಾವ, ಚಿನ್ನ ಕೊಳ್ಳೋಕೆ ಒಳ್ಳೇದಂತೆ?" ಎಂದಳು ನನ್ನ ಹೆಂಡತಿ.

"ಒಳ್ಳೇದೇ. ಗುಳಿಕದಲ್ಲಿ ಮಾಡಿದ್ದು ಮತ್ತೆ ಮತ್ತೆ ಮಾಡೋ ಯೋಗ ಬರತ್ತೆ. ಮನೆ ಖಾಲಿ ಮಾಡೋದನ್ನ ಮತ್ತೆ ಮತ್ತೆ ಮಾಡ್ತೀಯೇನಮ್ಮಾ?"

ಅವಳು ಮಾತಾಡಲಿಲ್ಲ. ಬೆಳಿಗ್ಗೆಯೇ ಹೊರಡೋಣವೆಂದರೆ ಲಾರಿಯವನಿಗೆ ಬೆಳಿಗ್ಗೆ ಇನ್ನೊಂದು ಬಾಡಿಗೆ ಇತ್ತು. ಉಳಿದದ್ದು 1.30ರಿಂದ 3. ಲಾರಿಯವನು ಬರುತ್ತೇನೆಂದದ್ದು ಒಂದಕ್ಕೆ; ಬಂದದ್ದು ಎರಡು ದಾಟಿದ ಮೇಲೆ, "ಊಟ ಮಾಡ್ಕೊಂಡು ಬಂದುಬಿಡ್ತೀವಿ ಸಾರ್" ಎನ್ನುವ ಹುಡುಗರ ಸಮೇತ. ಮಾವ ತಾವೇ ಒಂದು ಕುರ್ಚಿ ಎತ್ತಿ ಲಾರಿಗೆ ಹಾಕಿದರು. ದೇವರ ಫೋಟೊ ಚಾಲಕನ ಪಕ್ಕ ಕೂತಿತು, ತುಳಸಿ ಕುಂಡ ನನ್ನ ತೊಡೆಯ ಮೇಲೆ. ಮೂರಕ್ಕೆ ಎರಡು ನಿಮಿಷ ಇದೆ ಎನ್ನುವಾಗ, ಬೀರು ಇನ್ನೂ ಮೆಟ್ಟಿಲ ಮೇಲಿದ್ದರೂ, ಲಾರಿಯನ್ನು ಗೇಟಿನಿಂದ ನಾಲ್ಕು ಅಡಿ ಮುಂದೆ ಓಡಿಸಿದರು.

"ಹೊರಟಾಯ್ತು. ಇನ್ನು ನಿಧಾನಕ್ಕೆ ತುಂಬಿ."

ನಿಧಾನಕ್ಕೆ ತುಂಬಿ ಬನಶಂಕರಿ ಮುಟ್ಟುವಾಗ ರಾಹುಕಾಲ ಭರ್ತಿ ನಡೆದಿತ್ತು. ಹೊರಟ ಹೊತ್ತು ಮುಖ್ಯ, ತಲುಪುವ ಹೊತ್ತು ಬೆಂಗಳೂರಿನ ರಸ್ತೆಯದ್ದು ಎಂದು ಮಾವ ತೀರ್ಪು ಕೊಟ್ಟರು. ಗೇಟಿನಲ್ಲಿ ಇನ್ನೊಂದು ಲಾರಿ ನಿಂತಿತ್ತು. ಒಳಗಿನವರೂ ಗುಳಿಕ ತಪ್ಪಿಸಲು ಮೂರಕ್ಕೆ ಮುಂಚೆ ನಾಲ್ಕು ಅಡಿ ಹೊರಟು, ಈಗ ತುಂಬುತ್ತಿದ್ದರು. ಒಂದೇ ಮೆಟ್ಟಿಲಿನಲ್ಲಿ ಅವರ ಮಂಚ ಇಳಿಯಿತು, ನಮ್ಮ ಮಂಚ ಹತ್ತಿತು, ನಡುವಿನ ತಿರುವಿನಲ್ಲಿ ಎರಡೂ ಸಿಕ್ಕಿಕೊಂಡವು. ಎರಡು ತಂಡದ ಹುಡುಗರು ಒಂದೇ ಊರಿನವರೆಂದು ಗೊತ್ತಾಗಿ ಕ್ಷೇಮಸಮಾಚಾರ ಶುರುವಾಯಿತು. ಮಾವ ಮಾರ್ಕರ್ ಹಿಡಿದು ಕೂಗುತ್ತಿದ್ದರು, "ಇತರೆ ಎಲ್ಲಾ ಹಾಲಿಗೆ! ಇತರೆ ಎಲ್ಲಾ ಹಾಲಿಗೆ!"

ಮರುದಿನ ಉತ್ತರಹಳ್ಳಿಯಿಂದ ಫೋನು. ನಿಮ್ಮ "ಇತರೆ 2" ನಮ್ಮ ಹತ್ತಿರ ಬಂದಿದೆ, ನಮ್ಮದೊಂದು ಡಬ್ಬ ಕಾಣುತ್ತಿಲ್ಲ ಎಂದರು. ನಾವು ಆಗಲೇ ಅದನ್ನು ಬಿಚ್ಚಿ ಬಳಸಲು ಶುರು ಮಾಡಿದ್ದೆವು. ಕ್ಯಾಂಡಲ್ಲು, ಅವಧಿ ಮುಗಿದ ಜ್ವರದ ಮಾತ್ರೆ, ಒಂದು ಕಿವಿ ಕೇಳದ ಇಯರ್‌ಫೋನು, ಯಾರದೋ ಮದುವೆಯ ಸ್ಟೀಲ್ ಬಟ್ಟಲು, ಕೀಲಿ ಗೊಂಚಲು: ನಮ್ಮದಲ್ಲ ಎಂದು ಅನ್ನಿಸುವ ವಸ್ತು ಒಂದೂ ಇರಲಿಲ್ಲ. ತಳದಲ್ಲಿ ಟ್ರಾನ್ಸಿಟ್ ಬೋಲ್ಟುಗಳೂ ಸಿಕ್ಕಿ ಮನೆಯಲ್ಲಿ ಸಂಭ್ರಮವಾಗಿತ್ತು. ಆಮೇಲೆ ನೋಡಿದರೆ ಬೇರೆ ಕಂಪನಿಯವು.

"ನಾಳೆ ಬಂದು ಬದಲಾಯಿಸಿಕೊಳ್ಳಲಾ?" ಎಂದು ಅವರು ಕೇಳಿದರು.

ನಾನು ಉತ್ತರ ಹೇಳುವ ಮೊದಲೇ ಮಾವ ಫೋನು ಕಿತ್ತುಕೊಂಡರು. "ನಾಳೆ ಮಂಗಳವಾರ, ಬೇಡ. ಬುಧವಾರ ಹನ್ನೆರಡರೊಳಗೆ ಬನ್ನಿ, ಆಮೇಲೆ ರಾಹುಕಾಲ ಹಿಡ್ಕೊಳ್ಳತ್ತೆ. ಮತ್ತೆ... ಡಿ-ಲಿಂಕ್ ಮಾಡಿಸಿದ್ರಾ?"