ಲಿನಕ್ಸ್ ಕರ್ನಲ್ ಸಾಹೇಬರಿಗೆ ಬಹಿರಂಗ ಪತ್ರ

ಮಾನ್ಯರೇ,

ತಮ್ಮ ದಫ್ತರದ ಅಚ್ಚುಕಟ್ಟನ್ನು ಮೆಚ್ಚದೆ ವಿಧಿಯಿಲ್ಲ. ಕಂಪ್ಯೂಟರಿಗೆ ಚುಚ್ಚಿದ ಪ್ರತಿ ಸಾಧನಕ್ಕೂ ತಮ್ಮಲ್ಲಿ ಒಂದು ಪುಟವಿದೆ. ಎಚ್ಚರವಿದ್ದರೆ ‘ಆಕ್ಟಿವ್’, ಮಲಗಿದ್ದರೆ ‘ಸಸ್ಪೆಂಡೆಡ್’. ಇನ್ನೂ ಮಲಗುತ್ತಿದ್ದರೆ, ಈಗಷ್ಟೇ ಏಳುತ್ತಿದ್ದರೆ ಅದಕ್ಕೂ ಬೇರೆ ಬೇರೆ ಷರಾ! ಆಕಳಿಕೆಯನ್ನೂ ನಮೂದಿಸುವ ಹಾಜರಿ ಪುಸ್ತಕ ನಮ್ಮ ಯಾವ ಕಚೇರಿಯಲ್ಲೂ ಇಲ್ಲ.

ಮೊದಲ ತಕರಾರು. ಈ ಷರಾ ಬರೆಯುವಾಗ ತಾವು ಸಾಧನವನ್ನು ವಿಚಾರಿಸುವುದಿಲ್ಲ, ಅದನ್ನು ನಡೆಸುವ ಡ್ರೈವರ್ ತಂತ್ರಾಂಶ ಹೇಳಿದ್ದನ್ನು ನಂಬುತ್ತೀರಿ. (ಮಲಗಿದ್ದೀಯಾ ಎಂದು ಕೇಳಬೇಕಾದರೂ ಹಲವು ಸಾಧನಗಳನ್ನು ಎಬ್ಬಿಸಲೇಬೇಕು, ಆ ಇಕ್ಕಟ್ಟು ನನಗೂ ಗೊತ್ತು.)

2009ರ ಕೊನೆಯಲ್ಲಿ ತಮ್ಮ 2.6.32ನೇ ಆವೃತ್ತಿಯೊಂದಿಗೆ ಬಂದ, ಸಾಧನವನ್ನು ಯಾವಾಗ ಮಲಗಿಸಬಹುದೆಂದು ತೀರ್ಮಾನಿಸುವ ಲೆಕ್ಕದ ಪದ್ಧತಿಯನ್ನೇ ನೋಡಿ. ಸಾಧನವನ್ನು ಬಳಸುವ ಮುಂಚೆ ಡ್ರೈವರ್ ಒಂದು ಕೂಡಿಸಬೇಕು, ಕೆಲಸ ಮುಗಿದ ಮೇಲೆ ಒಂದು ಕಳೆಯಬೇಕು. ಲೆಕ್ಕ ಸೊನ್ನೆಗೆ ಇಳಿದರಷ್ಟೇ ನಿದ್ದೆಗೆ ಅಪ್ಪಣೆ. ಆದರೆ ಪಿಎಂ_ರನ್‌ಟೈಮ್_ಗೆಟ್_ಸಿಂಕ್ ಎಂಬ ತಮ್ಮ ಫಂಕ್ಷನ್ ಮೊದಲು ಲೆಕ್ಕ ಏರಿಸಿ, ಆಮೇಲೆ ಸಾಧನವನ್ನು ಎಬ್ಬಿಸಲು ಹೋಗುತ್ತದೆ. ಅದು ಏಳದಿದ್ದರೆ ಎರರ್ ಕೊಟ್ಟು ಕೈತೊಳೆದುಕೊಳ್ಳುತ್ತದೆ. ಏರಿಸಿದ ಲೆಕ್ಕ ಮಾತ್ರ ಹಾಗೇ! ಸೋತವನೂ ಒಂದು ಕಳೆದು ಹೋಗಬೇಕೆಂಬುದು ಎಷ್ಟೋ ಡ್ರೈವರ್ ಬರೆದವರಿಗೆ ಹೊಳೆಯಲೇ ಇಲ್ಲ. ಸೋತರೆ ತಾನೇ ಒಂದು ಕಳೆಯುವ ಇನ್ನೊಂದು ಫಂಕ್ಷನ್ ಬರಲು 2020 ಬೇಕಾಯಿತು. ಹೀಗೆ ಉಳಿದುಹೋದ ಒಂದರಿಂದಾಗಿ, ಮುಂದೆಂದೋ ಎದ್ದ ಸಾಧನಕ್ಕೆ ಮತ್ತೆ ಕಣ್ಣು ಮುಚ್ಚುವ ಯೋಗವಿಲ್ಲ. ಮಗು ಎಚ್ಚರವಿರುವಾಗ ಪೇರೆಂಟ್ (ಅದು ಜೋಡಿಸಿಕೊಂಡಿರುವ ಮೇಲಿನ ಸಾಧನ) ಮಲಗಬಾರದೆಂಬುದು ತಮ್ಮದೇ ಕಟ್ಟಳೆಯಾದ್ದರಿಂದ ಅದಕ್ಕೂ ಜಾಗರಣೆ. ಇತ್ತ ಬ್ಯಾಟರಿ ಕರಗುತ್ತಿರುತ್ತದೆ, ಅತ್ತ ತಮ್ಮ ಪುಟದಲ್ಲಿ ‘ಆಕ್ಟಿವ್’. ಸುಳ್ಳೆನ್ನಲು ಯಾರಿಂದಾದೀತು?

ಕರೆಂಟು ಉಳಿಸುವ ಹುಮ್ಮಸ್ಸಿನಲ್ಲಿ ಮೌಸ್‌ನ ಪುಟದಲ್ಲಿ ‘ಆನ್’ ಅಳಿಸಿ ‘ಆಟೊ’ ಎಂದು ಬರೆದವರ ಪಾಡು ಬೇರೆ. ಅದರಿಂದ ಕೈ ತೆಗೆದು 2 ಸೆಕೆಂಡು ಕಳೆದರೆ ಸಾಕು, ಮಲಗಿಸಿಬಿಡುತ್ತೀರಿ. ಕೆಲವು ಮೌಸ್‌ಗಳು ಎಷ್ಟು ಅಲ್ಲಾಡಿಸಿದರೂ ಏಳುವುದಿಲ್ಲ, ಕ್ಲಿಕ್ಕೇ ಮಾಡಬೇಕು. ಆ ಮೊದಲ ಕ್ಲಿಕ್ ಎಲ್ಲಿ ಹೋಯಿತೆಂದು ಮಾತ್ರ ಕೇಳಬಾರದು.

ಕೊನೆಯದಾಗಿ ತಮ್ಮ ‘ಡಿ’ ಷರಾ. ಡಿಸ್ಕ್ ಉತ್ತರಿಸದೆ ಕೂತರೆ, ಅದಕ್ಕಾಗಿ ಕಾಯುವ ಪ್ರೊಸೆಸ್‌ನ ಮುಂದೆ ‘ಡಿ’ ಎಂದು ಬರೆದು ಸುಮ್ಮನಾಗುತ್ತೀರಿ. ಬಲವಂತವಾಗಿ ಮುಗಿಸುವ ಕಿಲ್ -9 ಆಜ್ಞೆ ಕೊಟ್ಟರೂ ಅದು ಜಗ್ಗದು. 120 ಸೆಕೆಂಡಾದ ಮೇಲೆ ಲಾಗ್‌ನಲ್ಲಿ ಒಂದು ದೂರು ದಾಖಲಿಸುತ್ತೀರಿ, ಸಂತೋಷ. ಆದರೆ ಅಂಥ 10 ದೂರು ಬರೆದ ಮೇಲೆ ಬರೆಯುವುದನ್ನೇ ನಿಲ್ಲಿಸುತ್ತೀರಲ್ಲ, ಡಿಸ್ಕ್ ರಿಪೇರಿಯಾಯಿತೆಂದು ನಾವು ತಿಳಿಯಬೇಕೇ?

ಇಂತಿ,
ಪವರ್ ಬಟನ್ ಒತ್ತಿ ಹಿಡಿದು ನಿಂತಿರುವ
ತಮ್ಮ ಒಬ್ಬ ಬಳಕೆದಾರ