ತಮ್ಮನ್ನು ಆರಿಸಿಕೊಂಡವರ ಬಿನ್ನಹ

ಮಹಾರಾಜಶ್ರೀ ಬೆಂಗಳೂರು ಮಹಾನಗರದ ಸನ್ನಿಧಾನಕ್ಕೆ,

ತಮ್ಮ ಆಶ್ರಯದಲ್ಲಿ ಬದುಕು ಕಟ್ಟಿಕೊಂಡವರಲ್ಲಿ ಒಬ್ಬನ ಸಾಷ್ಟಾಂಗ ನಮಸ್ಕಾರಗಳು.

ವಾಸಕ್ಕೆ ಯಾವ ಊರು ಇಷ್ಟ ಎಂದು ಯಾರು ಕೇಳಿದರೂ ನಾನು ಹೇಳುವುದು ತಮ್ಮ ಹೆಸರನ್ನೇ. ಮೈಸೂರಿನ ಅಗಲ ಬೀದಿಗಳು, ಧಾರವಾಡದ ಸಂಗೀತ, ಮಂಗಳೂರಿನ ಕಡಲು, ಇವುಗಳ ಸೆಳೆತ ನನಗೂ ಗೊತ್ತು. ಆದರೂ ತಮ್ಮನ್ನೇ ಆರಿಸಿಕೊಂಡೆ. ಹಾಗೆ ಆರಿಸಿಕೊಂಡವನಿಗೆ ನಾಲ್ಕು ಮಾತು ಕೇಳುವ ಹಕ್ಕಿದೆ ಎಂಬ ಧೈರ್ಯದಿಂದ ಈ ಬಿನ್ನಹ.

ಮೊದಲನೆಯದಾಗಿ ತಮ್ಮ ತಂಪಿಗೆ ಕೃತಜ್ಞತೆಗಳು. ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿ ತಾವು ನೆಲೆಸಿರುವುದು ನಮ್ಮ ಭಾಗ್ಯ. ಆದರೆ ಆ ತಂಪಿನಲ್ಲಿ ಮನುಷ್ಯರ ಬೆವರಿನ ಪಾಲೂ ಇದೆ. ಒಂದು ಜಾತಿಯ ಮರದ ಹೂವು ಮುಗಿಯುವಾಗ ಇನ್ನೊಂದು ಅರಳಬೇಕೆಂದು ಲಾಲ್‌ಬಾಗಿನ ಉಸ್ತುವಾರಿ ಹೊತ್ತಿದ್ದ ಕ್ರುಂಬಿಗಲ್ ಅವರು ಸಾಲುಮರಗಳನ್ನು ಯೋಜಿಸಿದರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ ಅವರ ಮುಂದಾಳತ್ವದಲ್ಲಿ ಸುಮಾರು 15 ಲಕ್ಷ ಸಸಿಗಳು ನೆಲ ಕಂಡವು. ಇಂದು ರಸ್ತೆ ಅಗಲ ಮಾಡಲು ಬಂದವರ ಗರಗಸ ಮೊದಲು ಮುಟ್ಟುವುದು ಆ ಮರಗಳನ್ನೇ. ನೆಟ್ಟವರ ಕೈಗಳನ್ನು ಸನ್ನಿಧಾನವು ನೆನಪಿಟ್ಟುಕೊಳ್ಳಬೇಕೆಂದು ವಿನಂತಿ.

ಎರಡನೆಯದಾಗಿ ಕೆರೆಗಳು. ದೊಡ್ಡ ನದಿಯಿಲ್ಲದ ಈ ದಿಣ್ಣೆಯ ಮೇಲೆ ಹಿರಿಯರು ಕೆರೆ ಕಟ್ಟಿ, ಕೋಡಿ ಹರಿದ ನೀರು ಕೆಳಗಿನ ಕೆರೆ ಸೇರುವಂತೆ ಕಾಲುವೆ ತೋಡಿ, ಊರನ್ನು ಬದುಕಿಸಿದರು. ತಾವು ಧರ್ಮಾಂಬುಧಿ ಕೆರೆಯಲ್ಲಿ ಬಸ್ ನಿಲ್ದಾಣ ಕೊಟ್ಟಿರಿ, ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಕೊಟ್ಟಿರಿ, ಅಕ್ಕಿತಿಮ್ಮನಹಳ್ಳಿ ಕೆರೆಯಲ್ಲಿ ಹಾಕಿ ಮೈದಾನ ಕೊಟ್ಟಿರಿ. ಬಸ್ಸೂ ಬೇಕು, ಆಟವೂ ಬೇಕು, ಒಪ್ಪುತ್ತೇವೆ. ಆದರೆ ಬೆಳ್ಳಂದೂರು ಕೆರೆಯ ನೊರೆ ರಸ್ತೆಗೆ ಹಾರಿ ಬಂದದ್ದನ್ನೂ, ಆ ಕೆರೆಗೆ ಬೆಂಕಿ ಬಿದ್ದದ್ದನ್ನೂ ಒಪ್ಪುವುದು ಹೇಗೆ? 2022ರ ಸೆಪ್ಟೆಂಬರಿನ ನೆರೆಯಲ್ಲಿ ಯಮಲೂರಿನ ಜನ ಟ್ರ್ಯಾಕ್ಟರ್ ಹತ್ತಿ, ದೋಣಿ ಏರಿ ಮನೆ ಬಿಟ್ಟರು. ಕೆರೆಯಿಂದ ಕೆರೆಗೆ ನೀರು ಒಯ್ಯುವ ರಾಜಕಾಲುವೆಯ ಜಾಗದಲ್ಲಿ ಗೋಡೆ ಎದ್ದರೆ ನೀರು ತಾನೇ ದಾರಿ ಹುಡುಕಿಕೊಳ್ಳುತ್ತದೆ.

ಮೂರನೆಯದಾಗಿ ಕುಡಿಯುವ ನೀರು. 1974ರಿಂದ ಕಾವೇರಿ ತಾಯಿ ಸುಮಾರು 100 ಕಿಲೋಮೀಟರ್ ದೂರದಿಂದ, ಅರ್ಧ ಕಿಲೋಮೀಟರಿನಷ್ಟು ಎತ್ತರ ಹತ್ತಿ ನಮ್ಮ ನಲ್ಲಿಗೆ ಬರುತ್ತಿದ್ದಾಳೆ. ಆ ಋಣ ದೊಡ್ಡದು. ಆದರೆ 2007ರಲ್ಲಿ ತಾವು 110 ಹಳ್ಳಿಗಳನ್ನು ತೆಕ್ಕೆಗೆ ತೆಗೆದುಕೊಂಡಿರಿ. ಅವುಗಳಿಗೆಂದು ರೂಪಿಸಿದ ಕಾವೇರಿ ಐದನೇ ಹಂತ, ದಿನಕ್ಕೆ 77.5 ಕೋಟಿ ಲೀಟರ್ ಸಾಮರ್ಥ್ಯದ್ದು, ಉದ್ಘಾಟನೆಯಾದದ್ದು 2024ರ ಅಕ್ಟೋಬರಿನಲ್ಲಿ. ಅದೇ ವರ್ಷದ ಬೇಸಿಗೆಯಲ್ಲಿ ಬೋರ್‌ವೆಲ್‌ಗಳು ಬತ್ತಿ, ಟ್ಯಾಂಕರ್ ದರಕ್ಕೆ ಸರ್ಕಾರವೇ ಮಿತಿ ಹಾಕಬೇಕಾಯಿತು. ತೆರಿಗೆ ಕಟ್ಟಿದ ಮೇಲೂ ನೀರನ್ನು ಟ್ಯಾಂಕರಿನವರ ದಯೆಯಿಂದ ಪಡೆಯುವ ಮನೆಯವರು ತಮ್ಮನ್ನು ಇನ್ನೂ ಬಿಟ್ಟು ಹೋಗಿಲ್ಲ. ಆ ನಿಷ್ಠೆಯನ್ನು ದಯವಿಟ್ಟು ಹಗುರವಾಗಿ ಕಾಣಬಾರದು.

ನಾಲ್ಕನೆಯದಾಗಿ ಫುಟ್‌ಪಾತ್. ಚರ್ಚ್ ಸ್ಟ್ರೀಟ್‌ನಂತಹ ಒಂದೆರಡು ಬೀದಿಗಳಲ್ಲಿ ತಾವು ನಡೆಯುವವರಿಗೆ ಗೌರವ ತೋರಿಸಿದ್ದೀರಿ. ಹಾಗೆ ಮಾಡಲು ತಮಗೆ ಬರುತ್ತದೆ ಎಂಬುದಕ್ಕೆ ಅದೇ ಸಾಕ್ಷಿ. ಮಿಕ್ಕ ಕಡೆ ಟ್ರಾನ್ಸ್‌ಫಾರ್ಮರ್ ಬಳಸಿ, ಕಿತ್ತ ಚಪ್ಪಡಿ ದಾಟಿ, ಹಿಂದಿನಿಂದ ಹಾರ್ನ್ ಹೊಡೆಯುವ ಸ್ಕೂಟರಿಗೆ ದಾರಿ ಬಿಟ್ಟು ನಡೆಯುವ ವೃದ್ಧರನ್ನು ಒಮ್ಮೆ ಕಣ್ಣೆತ್ತಿ ನೋಡಬೇಕೆಂದು ಕೈಮುಗಿದು ಕೇಳಿಕೊಳ್ಳುತ್ತೇನೆ.

ಇಷ್ಟೆಲ್ಲ ಇದ್ದರೂ ತಮ್ಮನ್ನೇಕೆ ಆರಿಸಿಕೊಂಡೆ? ಬಂದವರಿಗೆ ತಾವು ಜಾಗ ಕೊಡುತ್ತೀರಿ, ಅದಕ್ಕೆ. ಬೀದರಿನ ಹುಡುಗಿ, ಬಿಹಾರದ ಬಡಗಿ, ಇಂಫಾಲದ ನರ್ಸ್, ಮಂಡ್ಯದ ಆಟೋ ಚಾಲಕ ಒಂದೇ ದರ್ಶಿನಿಯಲ್ಲಿ ನಿಂತು ಇಡ್ಲಿ ತಿನ್ನುವ ಊರು ತಾವು. ತಿಗಳರು ಹೊರುವ ಕರಗ ಧರ್ಮರಾಯನ ಗುಡಿಯಿಂದ ಹೊರಟು ತವಕ್ಕಲ್ ಮಸ್ತಾನ್ ದರ್ಗಾಕ್ಕೆ ಹೋಗಿ ಬರುತ್ತದೆ. ಅದೇ ಕರಗದ ವಿಧಿಗೆ ಇಂದು ಉಳಿದಿರುವುದು ಸಂಪಂಗಿ ಕೆರೆಯ ಒಂದು ತುಂಡು ಕೊಳ. ತಮ್ಮ ಔದಾರ್ಯ, ತಮ್ಮ ಮರೆವು ಎರಡನ್ನೂ ಒಂದೇ ಮೆರವಣಿಗೆಯಲ್ಲಿ ಕಾಣುತ್ತೇವೆ. ಔದಾರ್ಯಕ್ಕೂ ಷರತ್ತುಗಳಿವೆ: ಹತ್ತು ತಿಂಗಳ ಬಾಡಿಗೆ ಅಡ್ವಾನ್ಸ್, ಮಾಂಸ ತಿನ್ನುವವರಿಗೆ ಮನೆಯಿಲ್ಲ, ಒಂಟಿ ಹೆಣ್ಣುಮಕ್ಕಳಿಗೆ ಮನೆಯಿಲ್ಲ. ಈ ಬೋರ್ಡುಗಳು ತಮಗೆ ಶೋಭೆಯಲ್ಲ.

ಕಡೆಯ ದೂರು ಎಲ್ಲಕ್ಕಿಂತ ಮುಖ್ಯವಾದದ್ದು. 2021ರ ಮಾರ್ಚಿನಲ್ಲಿ ಕೇಂದ್ರ ಸರ್ಕಾರದ ಸುಗಮ ಜೀವನ ಸೂಚ್ಯಂಕದಲ್ಲಿ, ಹತ್ತು ಲಕ್ಷಕ್ಕಿಂತ ಹೆಚ್ಚು ಜನರಿರುವ ನಗರಗಳ ಪೈಕಿ, ತಮಗೆ ಮೊದಲ ಸ್ಥಾನ ಬಂತು. ಹೆಮ್ಮೆಯಾಯಿತು. ಅದೇ ದಿನ ಪ್ರಕಟವಾದ ನಗರಾಡಳಿತದ ಸೂಚ್ಯಂಕದಲ್ಲಿ ತಮ್ಮದು 31ನೇ ಸ್ಥಾನ. ಜನ ಬಂದು ಕಟ್ಟಿದ್ದಕ್ಕೂ ಆಳುವವರು ನೋಡಿಕೊಂಡದ್ದಕ್ಕೂ ಇರುವ ಅಂತರ ಅಷ್ಟು. 2015ರ ಆಗಸ್ಟಿನಲ್ಲಿ ನಾವು ಪಾಲಿಕೆಗೆ ಮತ ಹಾಕಿದೆವು. ಆ ಸದಸ್ಯರ ಅವಧಿ 2020ರ ಸೆಪ್ಟೆಂಬರಿನಲ್ಲಿ ಮುಗಿಯಿತು. ಆಮೇಲೆ ಐದು ವರ್ಷ ಚುನಾವಣೆಯೇ ಇಲ್ಲ. 2025ರ ಸೆಪ್ಟೆಂಬರಿನಲ್ಲಿ ಒಂದು ಪಾಲಿಕೆ ಹೋಗಿ ಐದಾದದ್ದು ಕೂಡ ನಮ್ಮ ವಾರ್ಡಿಗೆ ಒಬ್ಬ ಸದಸ್ಯನಿಲ್ಲದ ಕಾಲದಲ್ಲೇ. ನಾವು ತಮ್ಮನ್ನು ಆರಿಸಿಕೊಂಡೆವು. ತಮ್ಮನ್ನು ನೋಡಿಕೊಳ್ಳುವವರನ್ನು ಆರಿಸಲು ನಮಗೆ ಬಿಡಲಿಲ್ಲ. ಮರ, ಕೆರೆ, ನೀರು, ಫುಟ್‌ಪಾತ್ ಯಾವುದರ ಅಹವಾಲಾದರೂ ಹೇಳಿಕೊಳ್ಳಲು ಹೆಸರು ಗೊತ್ತಿರುವ, ಮತ್ತೆ ಮತ ಕೇಳಲು ಬರಲೇಬೇಕಾದ ಒಬ್ಬ ಮನುಷ್ಯ ಬೇಕು.

ಹೇಳಿದರೆ ಆಗುತ್ತದೆ ಎಂಬುದಕ್ಕೆ ತಮ್ಮಲ್ಲೇ ಉದಾಹರಣೆಗಳಿವೆ. 2016ರ ಅಕ್ಟೋಬರಿನಲ್ಲಿ ಉಕ್ಕಿನ ಮೇಲ್ಸೇತುವೆ ಬೇಡವೆಂದು ಜನ ಕೈಹಿಡಿದು ಸಾಲು ನಿಂತರು. ಆ ಯೋಜನೆ ಮರುವರ್ಷ ನಿಂತಿತು. ಕೈಕೊಂಡ್ರಹಳ್ಳಿಯಲ್ಲಿ ನೆರೆಹೊರೆಯವರು ಪಾಲಿಕೆಯೊಂದಿಗೆ ಸೇರಿ ಕೆರೆಯನ್ನು ಉಳಿಸಿಕೊಂಡರು.

ಆದಕಾರಣ ಪ್ರಾರ್ಥನೆ ಇಷ್ಟೇ: ಐದು ವರ್ಷಕ್ಕೊಮ್ಮೆ ತಪ್ಪದೆ ಪಾಲಿಕೆ ಚುನಾವಣೆ ನಡೆಯಲಿ, ವಾರ್ಡ್ ಸಮಿತಿಯ ಸಭೆ ತಿಂಗಳಿಗೊಮ್ಮೆ ಎಲ್ಲರೆದುರು ಕೂಡಲಿ, ಕೆರೆ, ಕಾಲುವೆ, ಮರಗಳ ವಿಷಯ ಆ ಸಭೆ ದಾಟದೆ ತೀರ್ಮಾನವಾಗದಿರಲಿ. ಇಷ್ಟನ್ನು ದಯಪಾಲಿಸಿದರೆ ಮಿಕ್ಕದ್ದನ್ನು ಸರಿಪಡಿಸಲು ನಾವೇ ಬರುತ್ತೇವೆ. ಊರು ಬಿಡುವ ಯೋಚನೆ ನಮಗಿಲ್ಲ.

ಇಂತಿ,
ತಮ್ಮ ವಿಧೇಯ ಹಾಗೂ ಮತದಾರ ನಿವಾಸಿ